ಚಪ್ಪೆ ನೀರು, ಸೀ ನೀರು: ಸೀತಾನದಿಯ ಜೊತೆ ಮೂರು ದಿನ

ಸೀತಾನದಿಯನ್ನು ಇಷ್ಟು ವರ್ಷ ನೋಡಿದ್ದು ಬಸ್ಸಿನ ಕಿಟಕಿಯಿಂದ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವಾಗ ಮಾಬುಕಳ ಸೇತುವೆ ಬರುತ್ತದೆ, ಅರ್ಧ ನಿಮಿಷ ಅಗಲವಾದ ನೀರು, ಎರಡು ದೋಣಿ, ಒಂದಷ್ಟು ತೆಂಗಿನ ಮರ, ಅಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಆಗುಂಬೆಗೆ ಹೋಗುವಾಗ ಅದೇ ನದಿ ಇನ್ನೊಂದು ಕಡೆ ಸಿಗುತ್ತದೆ, ಅಲ್ಲಿ ಅದು ಕಲ್ಲಿನ ಮೇಲೆ ಹಾರಿಕೊಂಡು ಬರುವ ಸಣ್ಣ ಹೊಳೆ. ಇವೆರಡೂ ಒಂದೇ ನೀರು ಅಂತ ಗೊತ್ತಿತ್ತು, ಆದರೆ ನಡುವೆ ಏನಿದೆ ಅಂತ ಗೊತ್ತಿರಲಿಲ್ಲ. ಡಿಸೆಂಬರ್ ಕೊನೆಯ ವಾರ ಮಂಗಳೂರಿನಿಂದ ಭಾವ ಬಂದಿದ್ದರು. ಅಕ್ಕ, ಮಕ್ಕಳು ಮದುವೆಮನೆಯ ಓಡಾಟದಲ್ಲಿದ್ದರು. ಇಬ್ಬರ ಹತ್ತಿರವೂ ಗೇರ್ ಸೈಕಲ್ ಇದೆ. ಸಮುದ್ರದಿಂದ ಶುರು ಮಾಡಿ ಜಲಪಾತದವರೆಗೆ ಹೋಗೋಣ ಅಂತ ಹೊರಟೆವು.

ಮೊದಲ ದಿನ: ಮಲ್ಪೆ, ಕೋಡಿಬೆಂಗ್ರೆ, ಬಾರ್ಕೂರು

ಬೆಳಿಗ್ಗೆ ಆರೂವರೆಗೆ ಉಡುಪಿ ಬಿಟ್ಟೆವು. ಮಲ್ಪೆಯಲ್ಲಿ ಬನ್ಸ್, ಚಹಾ. ಬನ್ಸ್ ಆಗತಾನೇ ಎಣ್ಣೆಯಿಂದ ತೆಗೆದದ್ದು, ಒಳಗೆ ಜೀರಿಗೆ ಪರಿಮಳ, ತಲಾ ಮೂರು ತಿಂದೆವು. ಅಲ್ಲಿಂದ ತೊಟ್ಟಂ, ಹೂಡೆ ದಾಟಿ ಉತ್ತರಕ್ಕೆ ಹೋಗುವ ರಸ್ತೆ ಸಪಾಟಾಗಿದೆ, ಸೈಕಲ್ ಹೊಸದಾಗಿ ಕಲಿತವರೂ ಆರಾಮಾಗಿ ಹೋಗಬಹುದು. ಹೊತ್ತೇರಿದ ಮೇಲೆ ಮಾತ್ರ ನೆರಳು ಕಡಿಮೆ, ಉಪ್ಪುಗಾಳಿ ಎದುರಿಗೆ ಬೀಸುತ್ತದೆ. ಹಾಗಾಗಿ ಒಂಬತ್ತರ ಒಳಗೆ ಬೆಂಗ್ರೆ ಮುಟ್ಟುವುದು ಒಳ್ಳೆಯದು.

ದಾರಿಯಲ್ಲಿ ಬಲಕ್ಕೆ ತಿರುಗಿ ಕೆಮ್ಮಣ್ಣಿನ ತೂಗುಸೇತುವೆಯನ್ನೂ ನೋಡಿಕೊಂಡು ಬಂದೆವು. ಸ್ವರ್ಣಾ ನದಿಯ ಮೇಲೆ, ತಿಮ್ಮಣ್ಣ ಕುದ್ರುವಿಗೆ ಹೋಗುವ ಸೇತುವೆ ಅದು. ನದಿಯ ನಡುವೆ ಇರುವ ದ್ವೀಪಕ್ಕೆ ನಮ್ಮ ಕಡೆ ಕುದ್ರು ಅಂತಾರೆ. ಸೈಕಲ್ ಈಚೆ ನಿಲ್ಲಿಸಿ ನಡೆದೇ ಹೋದೆವು. ನಡುವೆ ಹೋದಾಗ ಕಾಲಡಿ ಸ್ವಲ್ಪ ತೂಗುತ್ತದೆ, ಕೆಳಗೆ ಹಸಿರು ಬಣ್ಣದ ನೀರು, ದಡದುದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ. ಅಲ್ಲಿ ಜನರ ಮನೆಗಳಿವೆ, ಅದು ಅವರ ದಿನನಿತ್ಯದ ದಾರಿ. ಫೋಟೊ ತೆಗೆಯುತ್ತಾ ನಡುವೆ ನಿಂತುಬಿಟ್ಟರೆ ಹಾಲು, ಅಕ್ಕಿ ಹೊತ್ತು ಬರುವವರಿಗೆ ಕಷ್ಟ. ಬದಿಗೆ ಸರಿದು ಜಾಗ ಬಿಡಬೇಕು.

ಹೂಡೆ ಕಳೆದ ಮೇಲೆ ನೆಲ ಸಪೂರವಾಗುತ್ತಾ ಹೋಗುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ನದಿ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ. ಕೆಲವು ಕಡೆ ಸೈಕಲ್ ಮೇಲೆ ಕೂತೇ ಎರಡೂ ನೀರನ್ನು ನೋಡಬಹುದು. ಎಡಗಿವಿಗೆ ಅಲೆಯ ಸದ್ದು, ಬಲಗಿವಿಗೆ ಏನೂ ಇಲ್ಲ. ನದಿ ಅಷ್ಟು ಸುಮ್ಮನಿತ್ತು. ಒಣಹಾಕಿದ ಮೀನಿನ ವಾಸನೆ, ಬಲೆ ರಿಪೇರಿ ಮಾಡುತ್ತಾ ಕೂತ ಗಂಡಸರು, ಅಂಗಳದಲ್ಲಿ ತುಳಸಿಕಟ್ಟೆ.

ಇಲ್ಲೇ ಭಾವನ ಹಿಂದಿನ ಚಕ್ರ ಪಂಚರ್ ಆಯ್ತು. ಒಂದು ಮನೆಯ ಎದುರು ಮರುವಾಯಿ, ಅಂದರೆ ಹೊಳೆಯಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿ, ಅದರ ಚಿಪ್ಪಿನ ರಾಶಿ ಇತ್ತು, ಅದರದ್ದೇ ಒಂದು ಚೂರು ರಸ್ತೆಗೆ ಬಂದು ಟಯರಿನೊಳಗೆ ಹೊಕ್ಕಿತ್ತು, ಬ್ಲೇಡಿನ ಹಾಗೆ. ಪಂಪ್, ಪ್ಯಾಚ್, ಅಂಟು ಎಲ್ಲ ನಮ್ಮ ಹತ್ತಿರ ಇತ್ತು. ಆ ಕಡೆ ಹೋಗುವವರು ಇಷ್ಟನ್ನು ಇಟ್ಟುಕೊಳ್ಳಲೇಬೇಕು, ಸೈಕಲ್ ಅಂಗಡಿ ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ. ಆದರೆ ತೂತು ಎಲ್ಲಿದೆ ಅಂತ ಗೊತ್ತಾಗಲು ನೀರು ಬೇಕಲ್ವಾ? ಮನೆಯ ಜಗಲಿಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. "ದಾನೆ ಆಂಡ್? ಒಟ್ಟೆ ಆಂಡಾ?" ಏನಾಯ್ತು, ತೂತಾಯ್ತಾ ಅಂತ ತುಳುವಿನಲ್ಲಿ ಕೇಳಿ, ನಾವು ಹೌದು ಅನ್ನುವ ಮೊದಲೇ ಒಂದು ಪ್ಲಾಸ್ಟಿಕ್ ಬೇಸನ್‌ನಲ್ಲಿ ನದಿ ನೀರು ತುಂಬಿ ತಂದುಕೊಟ್ಟರು.

ಭಾವ ಟ್ಯೂಬನ್ನು ಇಂಚಿಂಚಾಗಿ ಮುಳುಗಿಸುತ್ತಿದ್ದರು, ನಾನು ಆ ಹೆಂಗಸಿನ ಕೆಲಸ ನೋಡುತ್ತಾ ಕೂತೆ. ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಮರುವಾಯಿ ಬಿಡಿಸುತ್ತಿದ್ದರು. ಮುಚ್ಚಿದ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅಲಗಿಗೆ ಒತ್ತುವುದು, ಟಕ್ ಅಂತ ಸಣ್ಣ ಸದ್ದು, ಮಾಂಸ ಇರುವ ಅರ್ಧ ಚಿಪ್ಪು ಪಾತ್ರೆಗೆ, ಖಾಲಿ ಅರ್ಧ ರಾಶಿಗೆ. ಕೈ ನೋಡುತ್ತಿರಲಿಲ್ಲ, ಮಾತಾಡುತ್ತಾ ನಮ್ಮ ಮುಖವನ್ನೇ ನೋಡುತ್ತಿದ್ದರು. ಒಂದೂ ಜಾರಲಿಲ್ಲ. ಸುಮ್ನೆ ಮಾತಿಗೆ ಕೇಳಿದೆ, ಈ ಹೊಳೆ ನೀರು ಉಪ್ಪಾ ಅಂತ. "ಮರಿಯಾಲೊಡು ಚಪ್ಪೆ, ಅರೆಗಾಲೊಡು ಉಪ್ಪು" ಅಂದರು. ಮಳೆಗಾಲದಲ್ಲಿ ಚಪ್ಪೆ, ಬೇಸಿಗೆಯಲ್ಲಿ ಉಪ್ಪು. ಬರೀ ಚಪ್ಪೆ ಆದರೂ ಮರುವಾಯಿಗೆ ಆಗುವುದಿಲ್ಲವಂತೆ, ಬರೀ ಸಮುದ್ರದ ನೀರೂ ಆಗುವುದಿಲ್ಲವಂತೆ. ಎರಡೂ ಬೆರೆಯಬೇಕು.

ಚಪ್ಪೆ ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾವು ಉಪ್ಪಿಲ್ಲದ ಸಾಂಬಾರಿಗೆ ಚಪ್ಪೆ ಅಂತೇವೆ. ಕುಡಿಯುವ ನೀರಿಗೆ ಆ ಹೆಸರು ಇಡುವುದು ಸಮುದ್ರದ ಬದಿಯಲ್ಲೇ ಬದುಕಿದವರಿಗೆ ಮಾತ್ರ ಸಾಧ್ಯ. ಅಲ್ಲಿಂದ ಮುಂದೆ ಮೂರು ದಿನವೂ ಸಿಕ್ಕಿದವರನ್ನೆಲ್ಲ ಇದನ್ನೇ ಕೇಳುತ್ತಾ ಹೋದೆ.

ಕೋಡಿಬೆಂಗ್ರೆಯ ತುದಿಯಲ್ಲಿ ಸ್ವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಇಳಿಯುತ್ತವೆ. ಅಳಿವೆ ಅಂತಾರೆ ಆ ಜಾಗಕ್ಕೆ. ನಾವು ಹೋದಾಗ ಭರತದ ಹೊತ್ತು, ಸಮುದ್ರವೇ ನದಿಯೊಳಗೆ ನುಗ್ಗುತ್ತಿತ್ತು. ಒಂದು ಒಣಗಿದ ತೆಂಗಿನ ಮಡಲು ನದಿಯ ದಿಕ್ಕಿಗೆ ಎದುರಾಗಿ, ಮೇಲಕ್ಕೆ ತೇಲುತ್ತಾ ಹೋಗುವುದನ್ನು ಕಣ್ಣಾರೆ ಕಂಡೆವು. ನೀರು ಶಾಂತವಾಗಿ ಕಾಣುತ್ತದೆ ಅಂತ ಅಲ್ಲಿ ಈಜಲು ಇಳಿಯಬೇಡಿ, ಒಳಗಿನ ಸೆಳೆತ ಜಾಸ್ತಿ.

ಬಾರ್ಜಿನಲ್ಲಿ ಸೈಕಲ್ ಹಾಕಿಕೊಂಡು ಹಂಗಾರಕಟ್ಟೆಗೆ ದಾಟಿದೆವು. ಸ್ವಲ್ಪವೇ ಹೊತ್ತಿನ ಪ್ರಯಾಣ, ಆದರೆ ಅಷ್ಟರಲ್ಲಿ ಭಾಷೆ ಬದಲಾಗುತ್ತದೆ. ಆಚೆ ದಡದಲ್ಲಿ ತುಳುವಿನಲ್ಲಿ ಬೀಳ್ಕೊಟ್ಟವರು, ಈಚೆ ದಡದಲ್ಲಿ "ಹ್ವಾಯ್, ಸೈಕಲ್ ಬದಿಗ್ ಇಡಿನಿ" ಅಂತ ಕುಂದಾಪ್ರ ಕನ್ನಡ. ಗಡಿ ಅಂದರೆ ಗೆರೆ ಎಳೆದ ಹಾಗೆ ಇರುವುದಿಲ್ಲ, ಬಾರ್ಕೂರಿನ ಸುತ್ತ ಎರಡೂ ಭಾಷೆ ಒಂದೇ ಮನೆಯಲ್ಲಿ ಕೇಳಿಬರುತ್ತದೆ. ಇಲ್ಲೂ ಎರಡು ಬೆರೆತೇ ಇವೆ.

ಹೆದ್ದಾರಿ ದಾಟಿ ಬಾರ್ಕೂರಿನ ಅತ್ತೆ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಹುರಿದ ಕಾಣೆ ಮೀನು. ಸಂಜೆ ಅತ್ತೆಯ ಮಗನ ಜೊತೆ ಕತ್ತಲೆ ಬಸದಿಗೆ ನಡೆದು ಹೋದೆವು. ಬಾರ್ಕೂರು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಊರು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ ಇತ್ತು. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಹೋಗುವಾಗ ಫಾಕನೂರು ಅಂತ ಬರೆದಿರುವುದು ಇದೇ ಊರನ್ನು. ಹಡಗಿನವರಿಗೆ ಬಾರ್ಕೂರಿನ ಬಾಗಿಲು ಅಂದರೆ ಇದೇ ಹೊಳೆ. ಬೆಳಿಗ್ಗೆ ನಾವು ಬಾರ್ಜಿನಲ್ಲಿ ದಾಟಿದ ನೀರಿನಲ್ಲೇ ಒಂದು ಕಾಲದಲ್ಲಿ ಸರಕು ತುಂಬಿದ ದೋಣಿಗಳು ಮೇಲೆ ಬರುತ್ತಿದ್ದವು ಅಂತ ಯೋಚಿಸುವಾಗ ಮೈ ಜುಂ ಅನ್ನಿಸಿತು. ಈಗ ಬಸದಿಯಲ್ಲಿ ಕಲ್ಲಿನ ಇಳಿಜಾರು ಮಾಡು, ಖಾಲಿ ಪೀಠ, ಸುತ್ತ ಹುಲ್ಲು. ನಾವು ಮೂರು ಜನ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಂದು ಗಂಟೆ ಕೂತೆವು.

ಅತ್ತೆಯ ಬಾವಿ ನೀರು ಡಿಸೆಂಬರಿನಲ್ಲಿ ಚೆನ್ನಾಗಿರುತ್ತದೆ. ಏಪ್ರಿಲ್ ಬಂತೆಂದರೆ ಚಹಾ ಹಾಳಾಗುತ್ತದೆ ಅಂದರು. ಹಾಲು ಒಡೆಯುತ್ತದಂತೆ.

ಎರಡನೇ ದಿನ: ಕಿಂಡಿ ಅಣೆಕಟ್ಟು, ಸೂರಾಲು, ಜೋಮ್ಲು, ಹೆಬ್ರಿ

ಈ ದಿನ ಜಾಸ್ತಿ ದೂರ, ಏರು ತಗ್ಗು ಕೂಡ ಶುರು. ಅತ್ತೆ ಕೊಟ್ಟೆ ಕಡುಬು ಕಟ್ಟಿಕೊಟ್ಟಿದ್ದರು, ಹಲಸಿನ ಎಲೆಯ ಪರಿಮಳ ಬ್ಯಾಗಿನ ತುಂಬ.

ಮುಖ್ಯ ರಸ್ತೆ ಬಿಟ್ಟು ಗದ್ದೆ ಬದಿಯ ದಾರಿ ಹಿಡಿದೆವು. ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ. ಮಳೆಗಾಲದ ಕಾರ್ತಿ ಬೆಳೆ ಕೊಯ್ದು ಮುಗಿದ ಗದ್ದೆಗಳಲ್ಲಿ ಕೆಲವು ಕಡೆ ಉದ್ದು ಹಾಕಿದ್ದರು, ಕೆಲವು ಕಡೆ ಎರಡನೇ ಬೆಳೆಯಾದ ಸುಗ್ಗಿಗೆ ಉಳುಮೆ ನಡೆಯುತ್ತಿತ್ತು, ಟಿಲ್ಲರ್ ಹಿಂದೆ ಬೆಳ್ಳಕ್ಕಿಗಳು. ಒಂದು ಕಡೆ ತೋಡು ನದಿಗೆ ಸೇರುವ ಜಾಗದಲ್ಲಿ ಏಳೆಂಟು ಜನ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ ಅದು. ಸೈಕಲ್ ಬದಿಗಿಟ್ಟು ಎರಡು ಗಂಟೆ ಅಲ್ಲೇ ನಿಂತೆವು. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ಎರಡು ಗಂಟೆ.

ಕಿಂಡಿ ಅಣೆಕಟ್ಟು ಅಂದರೆ ದೊಡ್ಡ ಡ್ಯಾಮ್ ಅಲ್ಲ. ಸಾಲಾಗಿ ಕಾಂಕ್ರೀಟ್ ಕಂಬ, ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿ ತೆರೆದೇ ಇರುತ್ತದೆ, ನೆರೆ ಬಂದರೂ ನೀರು ಹಾಗೇ ಹೋಗುತ್ತದೆ. ಮಳೆ ನಿಂತು ಹರಿವು ಇಳಿದ ಮೇಲೆ ಹಲಗೆ ಇಳಿಸಿ ಮುಚ್ಚುತ್ತಾರೆ. ಕಂಬದಲ್ಲಿ ಎರಡು ಉದ್ದ ಸೀಳು ಕೊರೆದಿರುತ್ತಾರೆ. ಒಂದು ಸೀಳಿನಲ್ಲಿ ಒಂದು ಸಾಲು ಹಲಗೆ, ಇನ್ನೊಂದರಲ್ಲಿ ಇನ್ನೊಂದು ಸಾಲು, ನಡುವಿನ ಸಂದಿಗೆ ಮಣ್ಣು. ಹಲಗೆ ಮಾತ್ರ ಹಾಕಿದರೆ ನೀರು ಸೋರುತ್ತದೆ, ಮಣ್ಣು ತುಂಬಿ ಕಾಲಲ್ಲಿ ತುಳಿದರೆ ಮಾತ್ರ ಗಟ್ಟಿ. ಬುಟ್ಟಿಯಲ್ಲಿ ಮಣ್ಣು ಬರುತ್ತಿತ್ತು, ಒಬ್ಬ ಹುಡುಗ ಆ ಒಂದಡಿ ಸಂದಿಯೊಳಗೆ ಇಳಿದು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡು ತುಳಿಯುತ್ತಿದ್ದ. ಹಲಗೆಗಳಲ್ಲಿ ಅರ್ಧ ಹಳೆಯ ಮರದ್ದು, ಕಪ್ಪಾಗಿತ್ತು, ಉಳಿದದ್ದು ಹೊಸ ಫೈಬರ್. ಫೈಬರ್ ಹಗುರ, ಕೊಳೆಯುವುದಿಲ್ಲ, ಆದರೆ ಮರದ ಹಲಗೆ ನೀರು ಕುಡಿದು ಉಬ್ಬಿ ತಾನಾಗಿ ಬಿಗಿಯಾಗುತ್ತದೆ ಅಂತ ಅಲ್ಲಿದ್ದ ಒಬ್ಬ ಹಿರಿಯರು ಹೇಳಿದರು.

ಅವರನ್ನೂ ಕೇಳಿದೆ, ನೀರು ಉಪ್ಪಾ, ಸಿಹಿಯಾ ಅಂತ. ಅಣೆಕಟ್ಟಿನ ಮೇಲೆ ನಿಂತು ಎರಡೂ ಬದಿ ಕೈ ತೋರಿಸಿದರು. "ಈ ಬದಿದ್ ಸೀ ನೀರ್. ಆ ಬದಿದ್ ಬಾಯಿಗ್ ಇಡುಕಾತಿಲ್ಲೆ." ಭರತದ ಹೊತ್ತಿಗೆ ಉಪ್ಪು ನೀರು ಅಲ್ಲಿಯವರೆಗೂ ಏರಿ ಬರುತ್ತದೆ. ಹಲಗೆ ಹಾಕಲು ಎರಡು ವಾರ ತಡವಾದರೂ ಉಪ್ಪು ಒಳಗೆ ಹೊಕ್ಕು ಗದ್ದೆ, ಬಾವಿ ಎರಡೂ ಕೆಡುತ್ತದೆ. ಬೆಂಗ್ರೆಯಲ್ಲಿ ಚಪ್ಪೆ ಆಗಿದ್ದ ನೀರು ಇಲ್ಲಿ ಸೀ ನೀರು. ಹಲಗೆಯ ಈಚೆ ನಿಂತವರು ಇಡುವ ಹೆಸರು ಬೇರೆ. ಕೆಲಸ ಮುಗಿಯುವ ಮೊದಲೇ ಈಚೆ ಬದಿಯ ನೀರು ಒಂದು ಗೇಣು ಏರಿತ್ತು, ನಾನು ಕಂಬದ ಮೇಲಿನ ಪಾಚಿಯ ಗುರುತು ನೋಡುತ್ತಾ ಇದ್ದೆ, ಅದು ಮುಳುಗಿತು. ನಮ್ಮ ಕಡುಬನ್ನು ಅವರ ಜೊತೆ ಹಂಚಿಕೊಂಡೆವು, ಅವರು ಚಹಾ ಕೊಟ್ಟರು.

ಮಂದಾರ್ತಿ ದೇವಸ್ಥಾನದಲ್ಲಿ ಕೈಮುಗಿದು ಸೂರಾಲಿನ ಕಡೆ ಹೊರಟೆವು. ತೊಳಹ ಅರಸರ ಮಣ್ಣಿನ ಅರಮನೆ ಅಲ್ಲಿದೆ. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ನಡುವೆ ಅಂಗಳ. ಹನ್ನೊಂದು ಗಂಟೆ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಬೆವರು ಅಲ್ಲೇ ಆರುತ್ತದೆ. ಗೋಡೆಗೆ ಅಂಗೈ ಇಟ್ಟರೆ ತಂಪು. ಇಷ್ಟು ಮಳೆ ಸುರಿಯುವ ಊರಿನಲ್ಲಿ ಮಣ್ಣಿನ ಗೋಡೆ ಇಷ್ಟು ಕಾಲ ನಿಂತಿರುವುದು ಮಾಡಿನಿಂದಾಗಿ. ಅದು ಗೋಡೆಗೆ ಹನಿ ತಾಗದಷ್ಟು ಮುಂದೆ ಚಾಚಿದೆ.

ಕೊಕ್ಕರ್ಣೆಯಲ್ಲಿ ಊಟ ಮಾಡಿ, ಆಮೇಲೆ ದಾರಿ ತಪ್ಪಿದೆವು. ಮೊಬೈಲ್‌ನಲ್ಲಿ ಸಂತೆಕಟ್ಟೆ ಅಂತ ಹುಡುಕಿದರೆ ಅದು ಉಡುಪಿ ಹತ್ತಿರ ಹೆದ್ದಾರಿಯಲ್ಲಿರುವ ಸಂತೆಕಟ್ಟೆಗೆ ದಾರಿ ತೋರಿಸುತ್ತದೆ. ನಮಗೆ ಬೇಕಾದದ್ದು ಕಳ್ತೂರು ಸಂತೆಕಟ್ಟೆ, ಹಾಗೆ ಪೂರ್ತಿ ಹೆಸರು ಹಾಕಬೇಕು. ಅಷ್ಟರಲ್ಲಿ ಸಿಗ್ನಲ್ ಹೋಯ್ತು. ಒಂದು ಮಣ್ಣುರಸ್ತೆ ಹಿಡಿದು ಇಳಿದರೆ ಅದು ನೇರ ಒಂದು ಮನೆಯ ಅಂಗಳಕ್ಕೆ ಹೋಗಿ ನಿಂತಿತು. ಅಂಗಳದ ತುಂಬ ಅಡಿಕೆ ಒಣಹಾಕಿದ್ದರು, ಚಕ್ರ ಇಡಲು ಜಾಗ ಇಲ್ಲ. ಕ್ಷಮಿಸಿ ಅಂತ ತಿರುಗುವಷ್ಟರಲ್ಲಿ ಒಳಗಿಂದ ಒಬ್ಬ ಅಜ್ಜಿ ಬಂದರು. "ಬನ್ನಿ, ಕೂಕಣಿ. ಬೆಲ್ಲ ತಿಂದ್ ನೀರ್ ಕುಡಿನಿ."

ತಟ್ಟೆಯಲ್ಲಿ ಎರಡು ತುಂಡು ಬೆಲ್ಲ, ತಾಮ್ರದ ಚೊಂಬಿನಲ್ಲಿ ನೀರು. ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇತ್ತು, ಪೇಟೆಯಲ್ಲಿ ಈಗ ಯಾರೂ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಬೆಲ್ಲ ಕಚ್ಚಿ ನೀರು ಕುಡಿದಾಗ ನೀರಿಗೇ ರುಚಿ ಬಂದ ಹಾಗಾಗುತ್ತದೆ. ಅಜ್ಜಿಗೂ ನನ್ನ ಪ್ರಶ್ನೆ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೊಳೆ ನೀರು ಉಪ್ಪಾಗುವುದು ಹೇಗೆ ಅಂತ ನನ್ನನ್ನೇ ತಿರುಗಿ ಕೇಳಿದರು. ಅವರ ಚಿಂತೆ ಬೇರೆ. ಮೊದಲು ಮಾರ್ಚ್ ತನಕ ತೋಟದ ಬದಿ ಹರಿಯುತ್ತಿದ್ದ ನೀರು ಈಗ ಫೆಬ್ರವರಿಯಲ್ಲೇ ಗುಂಡಿಗಳಲ್ಲಿ ನಿಲ್ಲುತ್ತದೆ, ಹೊಳೆ ಬತ್ತಿದರೆ ಬಾವಿಯೂ ಬತ್ತುತ್ತದೆ. ಹೊರಡುವಾಗ ನಾಲ್ಕು ಮೂಸಂಬಿ ಕೊಟ್ಟರು, ದಾರಿಯನ್ನೂ ಹೇಳಿಕೊಟ್ಟರು.

ಜೋಮ್ಲು ತೀರ್ಥ ಎತ್ತರದ ಜಲಪಾತ ಅಲ್ಲ. ಸೀತಾನದಿ ಇಲ್ಲಿ ಅಗಲವಾದ ಕಪ್ಪು ಬಂಡೆಗಳ ಮೇಲೆ ಬಂದು ಒಮ್ಮೆಲೇ ಧುಮುಕಿ, ಕೆಳಗೆ ಆಳವಾದ ಮಡುವಾಗುತ್ತದೆ. ಬಂಡೆಗಳಲ್ಲಿ ನೀರು ಕೊರೆದ ಗುಳಿಗಳು, ಕೆಲವು ಒರಳಿನಷ್ಟು ಗುಂಡಗೆ. ಸಂಜೆ ಬಿಸಿಲಿಗೆ ಬಂಡೆ ಬೆಚ್ಚಗಿತ್ತು, ಅಲ್ಲೇ ಮಲಗಿ ಮೂಸಂಬಿ ತಿಂದೆವು. ನೀರಿಗೆ ಇಳಿಯಲಿಲ್ಲ. ಈ ಮಡುವಿನಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಪಾಚಿ ಹಿಡಿದ ಬಂಡೆಯಲ್ಲಿ ಒಮ್ಮೆ ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ದಯವಿಟ್ಟು ಮಕ್ಕಳನ್ನು ಕರೆದುಕೊಂಡು ಹೋದರೆ ಕೈ ಬಿಡಬೇಡಿ.

ಹೆಬ್ರಿ ಮುಟ್ಟುವಾಗ ಕತ್ತಲಾಗಿತ್ತು. ಹಿಂದಿನ ದೀಪ ಇಲ್ಲದೆ ಈ ರಸ್ತೆಯಲ್ಲಿ ಸೈಕಲ್ ಬಿಡಬಾರದು, ಲಾರಿಗಳು ಜೋರಾಗಿ ಬರುತ್ತವೆ. ಲಾಡ್ಜಿಗೆ ಹೋಗುವ ಮೊದಲು ದೂರದಲ್ಲಿ ಚೆಂಡೆ ಕೇಳಿಸಿತು. ಗದ್ದೆಯಲ್ಲಿ ಯಕ್ಷಗಾನ ಬಯಲಾಟ, ಮಂದಾರ್ತಿ ಮೇಳದ ಹರಕೆ ಆಟ. ಈ ಮೇಳದ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುವ ಮನೆಗಳಿವೆ. ಕಾಲು ನೋಯುತ್ತಿತ್ತು, ಆದರೂ ಹನ್ನೆರಡರವರೆಗೆ ಚಾಪೆಯ ಮೇಲೆ ಕೂತೆವು, ಗೋಳಿಬಜೆ ತಿಂದೆವು.

ಮೂರನೇ ದಿನ: ಕೂಡ್ಲು ತೀರ್ಥ, ಮತ್ತೆ ಮನೆಗೆ

ಹೆಬ್ರಿಯಿಂದ ಆಗುಂಬೆ ರಸ್ತೆ ಹಿಡಿದರೆ ಕಾಡು ಶುರು. ಸೋಮೇಶ್ವರ ವನ್ಯಜೀವಿ ಧಾಮ ಇದು. ಗಾಳಿಯೇ ಬೇರೆ, ಏಳು ಗಂಟೆಗೆ ಕೈ ಬೆರಳು ಮರಗಟ್ಟುವಷ್ಟು ಚಳಿ, ಕರಾವಳಿಯಲ್ಲಿ ಇದು ಅಪರೂಪ. ಘಾಟಿಯ 14 ತಿರುವುಗಳನ್ನು ನಾವು ಹತ್ತಲಿಲ್ಲ, ಅದಕ್ಕಿಂತ ಮೊದಲೇ ಸೀತಾನದಿ ಎಂಬ ಊರಿನ ಹತ್ತಿರ ನಾಡ್ಪಾಲು ಕಡೆಗೆ ತಿರುಗಿದೆವು. ಕೊನೆಯ ಕೆಲವು ಕಿಲೋಮೀಟರ್ ಕಲ್ಲು, ಮಣ್ಣು, ಏರು. ಎರಡು ಕಡೆ ಸೈಕಲ್ ತಳ್ಳಿಕೊಂಡೇ ಹೋದೆವು. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಮಾಡಿಸಬೇಕು, ಪ್ಲಾಸ್ಟಿಕ್ ತಂದಿದ್ದರೆ ತೋರಿಸಬೇಕು. ಜೋರು ಮಳೆಗಾಲದಲ್ಲಿ ಒಳಗೆ ಬಿಡುವುದಿಲ್ಲ. ಭಾನುವಾರ ಬಿಟ್ಟು ಬೇರೆ ದಿನ, ಬೆಳಿಗ್ಗೆ ಬೇಗ ಹೋದರೆ ಕಾಡಿನ ಸದ್ದು ಕೇಳಿಸುತ್ತದೆ.

ಗೇಟಿನಿಂದ ಮುಂದೆ ಕಾಲ್ನಡಿಗೆ. ದೊಡ್ಡ ಮರಗಳ ಬೇರುಗಳೇ ಮೆಟ್ಟಿಲು. ಹಳೆಯ ಚಪ್ಪಲಿ ಹಾಕಿದ್ದ ಭಾವ ಒಮ್ಮೆ ಜಾರಿ ಮೊಣಕಾಲು ತರಚಿಕೊಂಡರು, ಇಲ್ಲಿಗೆ ಹಿಡಿತ ಇರುವ ಶೂ ಬೇಕೇ ಬೇಕು. ಮೊದಲು ಸದ್ದು ಬರುತ್ತದೆ. ಆಮೇಲೆ ಮರಗಳ ನಡುವೆ ಬಿಳಿ ಗೆರೆ. ಆಮೇಲೆ ಒಮ್ಮೆಲೇ ಬಂಡೆಯ ಗೋಡೆ, ನೂರಡಿಗೂ ಜಾಸ್ತಿ ಎತ್ತರದಿಂದ ನೇರ ಬೀಳುವ ನೀರು, ಕೆಳಗೆ ಹಸಿರು ಮಡು. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಕಚ್ಚುತ್ತವೆ. ಗಾಳಿ ಬೀಸಿದಾಗ ತುಂತುರು ಮುಖಕ್ಕೆ. ನಾಲಿಗೆಯಿಂದ ತುಟಿ ಸವರಿಕೊಂಡೆ. ಬೆಂಗ್ರೆಯಲ್ಲಿ ಹೀಗೆ ಮಾಡಿದ್ದಾಗ ಉಪ್ಪು ಸಿಕ್ಕಿತ್ತು. ಇಲ್ಲಿ ಏನೂ ಇಲ್ಲ. ಬರೀ ತಂಪು.

ಈ ನೀರು ಬೆಂಗ್ರೆ ಮುಟ್ಟಲು ಎಷ್ಟು ದಿನ ಬೇಕು ಅಂತ ಕಾವಲಿನವರನ್ನು ಕೇಳಿದೆ. ಅವರು ಹುಟ್ಟಿದ್ದು ಇದೇ ಕಾಡಿನ ಅಂಚಿನಲ್ಲಿ. ಸ್ವಲ್ಪ ಯೋಚಿಸಿ, ಎಲ್ಲಾ ನೀರು ಮುಟ್ಟುವುದಿಲ್ಲ ಅಂದರು. ಅರ್ಧ ತೋಟಕ್ಕೆ, ಅರ್ಧ ಬಾವಿಗೆ. ಅಜ್ಜಿಯ ಚೊಂಬು ನೆನಪಾಯ್ತು, ತೋಡಿನಲ್ಲಿ ಮಣ್ಣು ತುಳಿಯುತ್ತಿದ್ದ ಹುಡುಗನೂ.

ವಾಪಸು ಬರುವುದು ಸುಲಭ, ಇಳಿಜಾರೇ ಜಾಸ್ತಿ. ಹೆಬ್ರಿಯಲ್ಲಿ ನೀರುದೋಸೆ, ಕೋಳಿ ಸಾರು. ಪೆರ್ಡೂರಿನಲ್ಲಿ ಕದಳೀಪ್ರಿಯ ಅನಂತಪದ್ಮನಾಭನಿಗೆ ಬಾಳೆಹಣ್ಣು ಕೊಟ್ಟು, ಪ್ರಸಾದದ ಬಾಳೆಹಣ್ಣು ತಿಂದು, ಪುತ್ತಿಗೆ ಸೇತುವೆ ಮೇಲೆ ಬಂದು ನಿಂತಾಗ ಸೂರ್ಯ ಇಳಿದಿದ್ದ. ಕೆಳಗೆ ಸ್ವರ್ಣಾ. ಉಡುಪಿ ಪೇಟೆಗೆ ನೀರು ಬರುವುದು ಇದೇ ನದಿಯ ಬಜೆ ಅಣೆಕಟ್ಟಿನಿಂದ. ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಇದೇ. ಭಾವ ಸೇತುವೆಯ ಕಟ್ಟೆಗೆ ಒರಗಿ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದನ್ನೂ ಒಮ್ಮೆ ಇದು ಹುಟ್ಟುವ ಮಾಳದವರೆಗೆ ಹಿಂಬಾಲಿಸಬೇಕು ಮಾರಾಯ" ಅಂದರು.

ಜನವರಿ ಮುಗಿಯುವ ಮೊದಲು ಹೋಗಬೇಕು ಅಂತಿದ್ದೇವೆ, ನೀರು ಇಳಿಯುವ ಮೊದಲು. ನಿನ್ನೆ ಫೋನ್ ಮಾಡಿದ್ದರು. ಬೆಂಗ್ರೆಯ ಜಗಲಿಯಲ್ಲಿ ಹಾಕಿದ ಪ್ಯಾಚ್ ಇನ್ನೂ ಗಾಳಿ ಬಿಟ್ಟಿಲ್ಲವಂತೆ.